ಇಂಗ್ಲೆಂಡಿನ ಊರು ಹುಡುಕುವಾಗ ಮೊದಲು ಪ್ಯಾರಿಷ್ ಹಿಡಿಯಿರಿ
ಹಳೆಯ ಕಾಗದಪತ್ರದಲ್ಲಿ ಇಂಗ್ಲೆಂಡಿನ ಊರಿನ ಹೆಸರು ಸಿಕ್ಕಿದರೆ ನೇರವಾಗಿ ಇವತ್ತಿನ ನಕ್ಷೆಗೆ ಹೋಗಬೇಡಿ. ನ್ಯೂಟನ್, ಸಟನ್ ಅನ್ನೋ ಊರುಗಳೇ ಅಲ್ಲಿ ಹತ್ತಾರಿವೆ. ಮೊದಲು 1831ರ ಸ್ಯಾಮ್ಯುಯೆಲ್ ಲೂಯಿಸ್ ಗೆಜೆಟಿಯರ್ (ಊರುಗಳ ವಿವರ ಕೊಡುವ ಕೋಶ), ಆಮೇಲೆ 1870–72ರ ಜಾನ್ ಮೇರಿಯಸ್ ವಿಲ್ಸನ್ ಗೆಜೆಟಿಯರ್, ಎರಡನ್ನೂ ನೋಡಿ. ನಡುವಿನ ನಲವತ್ತು ವರ್ಷದಲ್ಲಿ ಊರಿನ ಸ್ಥಾನಮಾನ ಬದಲಾಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಊರಿನ ಹೆಸರಿಗಿಂತ ಅದರ ಮುಂದೆ ಬರೆದಿರುವ ಪದ ಮುಖ್ಯ: ಪ್ಯಾರಿಷ್ (ಒಂದು ಮುಖ್ಯ ಚರ್ಚಿನ ವ್ಯಾಪ್ತಿಯ ಪ್ರದೇಶ), ಚಾಪೆಲ್ರಿ (ಪ್ಯಾರಿಷಿನೊಳಗೆ ತನ್ನದೇ ಸಣ್ಣ ಚರ್ಚು ಇದ್ದ ಭಾಗ), ಟೌನ್‌ಶಿಪ್ (ಪ್ಯಾರಿಷಿನ ಆಡಳಿತದ ಉಪವಿಭಾಗ), ಹ್ಯಾಮ್ಲೆಟ್ (ಪುಟ್ಟ ಹಳ್ಳಿ). ಉತ್ತರ ಇಂಗ್ಲೆಂಡಿನಲ್ಲಿ ಒಂದೇ ಪ್ಯಾರಿಷಿನಡಿ ಎಷ್ಟೋ ಟೌನ್‌ಶಿಪ್‌ಗಳಿರುತ್ತಿದ್ದವು. ಲ್ಯಾಂಕಾಶೈರಿನ ಬರ್ನ್ಲಿ ಹಿಂದೆ ವ್ಹಾಲಿ ಎಂಬ ದೊಡ್ಡ ಪ್ಯಾರಿಷಿಗೆ ಸೇರಿದ ಚಾಪೆಲ್ರಿ. ಹಾಗಾಗಿ ದೀಕ್ಷಾಸ್ನಾನ, ಮದುವೆಯ ನೋಂದಣಿಯನ್ನು ಎರಡೂ ಕಡೆ ನೋಡಲೇಬೇಕು. ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಜನನ-ಮರಣದ ಸರ್ಕಾರಿ ನೋಂದಣಿ ಶುರುವಾದದ್ದು 1837ರಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಮುಖ್ಯ ಆಧಾರ.

ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಗಡಿಯೂ ನೆನಪಿರಲಿ. ಆಬಿಂಗ್ಡನ್ ಈಗ ಆಕ್ಸ್‌ಫರ್ಡ್‌ಶೈರ್‌ನಲ್ಲಿದೆ, ಆದರೆ 1974ರವರೆಗೆ ಬರ್ಕ್‌ಶೈರ್‌ನದು. ಗೆಜೆಟಿಯರಿನಲ್ಲಿ ಬರ್ಕ್‌ಶೈರ್ ಅಂತಲೇ ಹುಡುಕಿ. ಕಾಗುಣಿತ ಒಗ್ಗದಿದ್ದರೆ ಹೆಸರನ್ನು ಜೋರಾಗಿ ಓದಿ ನೋಡಿ. ಗುಮಾಸ್ತರು ಎಷ್ಟೋ ಸಲ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು.