ಹೊಳೆಬದಿಯನ್ನು ಮಳೆಗಾಲಕ್ಕೆಂದೇ ಕಟ್ಟಿದೆವು

ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗು ದಡದಲ್ಲಿ ನಮ್ಮ ಕುಟುಂಬದ ಹಳೆಯ ಗೋದಾಮು ಒಂದಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು. ಮಂಜಿ ಎಂಬ ಸರಕು ದೋಣಿಗಳಲ್ಲಿ ಬಂದ ಸಾಮಾನು ಅಜ್ಜನ ಕಾಲದಲ್ಲಿ ಇಲ್ಲೇ ಇಳಿಯುತ್ತಿತ್ತು. ಅದು ಬೀಳುವ ಸ್ಥಿತಿಗೆ ಬಂದಾಗ ಅಕ್ಕಪಕ್ಕದ ಜಾಗದವರೂ ನಾವೂ ಒಟ್ಟಿಗೆ ಕೂತೆವು. ಮನೆ, ಅಂಗಡಿ, ಆಟ-ಕೂಟಕ್ಕೊಂದು ಚಾವಡಿ, ಮೀನಿನವರಿಗೆ ಜಾಗ, ಎಲ್ಲವೂ ಒಂದೇ ಕಡೆ ಇರಲಿ ಎಂದು ತೀರ್ಮಾನ ಮಾಡಿದೆವು. ನಾನು ಸಿವಿಲ್ ಇಂಜಿನಿಯರ್. ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ಮೊದಲು ಹೊರಗಿನ ಒಂದು ಕಂಪನಿಯಿಂದ ನಕ್ಷೆ ಮಾಡಿಸಿದೆವು. ನೀರಿಗೆ ತಾಗಿಕೊಂಡು ಟೈಲ್ಸ್ ಹಾಕಿದ ನಡೆದಾರಿ, ದೀಪದ ಕಂಬ, ಬಯಲು ವೇದಿಕೆ. ನೋಡಲು ಚೆಂದ. ಆದರೆ ಅದೆಲ್ಲ ಡಿಸೆಂಬರಿನಲ್ಲಿ ಬರುವ ಪ್ರವಾಸಿಗರಿಗೆ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಇಲ್ಲಿ ಯಾರಿರುತ್ತಾರೆ ಎಂದು ನಾನು ಕೇಳಿದೆ. ನಕ್ಷೆಯಲ್ಲಿ ಉತ್ತರ ಇರಲಿಲ್ಲ.

ಊರಿನಲ್ಲಿ ಇತ್ತು. ಮೇ ಕೊನೆಗೆ ಪತ್ತನಾಜೆ, ತುಳುವರ ಬೇಸ ತಿಂಗಳ ಹತ್ತನೇ ದಿನ. ಅಂದಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಕಲಾವಿದರು ದೀಪಾವಳಿಯವರೆಗೆ ಮನೆಯಲ್ಲೇ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ, ಕೇರಳದಲ್ಲಿ ಟ್ರಾಲಿಂಗ್ ನಿಷೇಧ. ಬೋಟಿನವರು ದಡದಲ್ಲಿ ಬಲೆ ರಿಪೇರಿ ಮಾಡುತ್ತಿರುತ್ತಾರೆ. ಅಂದರೆ ಇಬ್ಬರಿಗೂ ಬಿಡುವು ಸಿಗುವುದು ಮಳೆಯಲ್ಲೇ. ಇಬ್ಬರಿಗೂ ಬೇಕಾದದ್ದು ಒಂದೇ, ನೆನೆಯದ ದೊಡ್ಡ ಜಾಗ! ನಾವು ವೇದಿಕೆಯನ್ನು ಬಿಟ್ಟೆವು. ಗೋದಾಮಿನ ಮಾಡನ್ನೇ ಎರಡೂ ಬದಿಗೆ ಚಾಚಿ ಉದ್ದದ ಜಗಲಿ ಮಾಡಿದೆವು. ಹಗಲು ಅಲ್ಲಿ ಬಲೆ, ಸಂಜೆ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವೇನಲ್ಲ, ಅರ್ಥ ಹೇಳುವವರಿಗೂ ಕೇಳುವವರಿಗೂ ಬರಗಾಲವಿಲ್ಲ. ಕೆಲವು ಸಂಜೆ ಮಕ್ಕಳ ದಫ್‌ಮುಟ್ಟು (ದಫ್ ಬಡಿಯುತ್ತ ಹಾಡಿ ಕುಣಿಯುವುದು) ಅಭ್ಯಾಸ ಇರುತ್ತದೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಎಲ್ಲವೂ ಅದೇ ಜಗಲಿಯಲ್ಲಿ ಕೇಳಿಸುತ್ತವೆ.

ಎಲ್ಲಿ ಕಟ್ಟಬಾರದು ಎಂಬುದನ್ನು ಹೊಳೆಯೇ ಹೇಳಿತು. ಒಂದು ವರ್ಷ ಪೂರ್ತಿ ಕಂಬ ನೆಟ್ಟು ಅಮಾವಾಸ್ಯೆ ಹುಣ್ಣಿಮೆಯ ಭರತವನ್ನು, ಅಂದರೆ ಕಡಲಿನ ಉಬ್ಬರವನ್ನು, ಗುರುತು ಹಾಕಿದೆ. 2019ರ ಆಗಸ್ಟಿನ ನೆರೆಯ ಕಲೆ ಗೋಡೆಯಲ್ಲಿ ಇನ್ನೂ ಇತ್ತು, ಅದನ್ನೂ ಅಳೆದೆ. ಕರಾವಳಿ ನಿಯಂತ್ರಣ ವಲಯದ 2011ರ ನಿಯಮದಲ್ಲಿ ಭರತ ಬರುವ ಹೊಳೆಗೆ 100 ಮೀಟರ್ ಮಿತಿ, 2019ರದ್ದರಲ್ಲಿ 50. ನಾವು 100ನ್ನೇ ಹಿಡಿದೆವು. ನೀರಿನ ಹತ್ತಿರ ಗೋದಾಮಿನ ದುರಸ್ತಿ, ಅದರ ಜಗಲಿ ಮಾತ್ರ. ಹೊಸ ಅಂಗಡಿ, ಅದರ ಮಹಡಿಯಲ್ಲಿ ಮನೆಗಳು, ಎಲ್ಲವೂ ರಸ್ತೆಯ ಬದಿಗೆ. ಮನೆಗಳ ಬಾಡಿಗೆಯಿಂದಲೇ ಜಗಲಿಯ ಖರ್ಚು ನಡೆಯುತ್ತದೆ. ಜಗಲಿಗೆ ನಾವು ಯಾರಿಂದಲೂ ದುಡ್ಡು ಕೇಳುವುದಿಲ್ಲ, ಅದು ನನ್ನ ಹಟ.

ದೊಡ್ಡ ತಪ್ಪೊಂದು ಆಯಿತು. ದಡ ಕುಸಿಯುತ್ತದೆಂದು ಮೊದಲ ವರ್ಷ ಕಾಂಕ್ರೀಟ್ ಗೋಡೆ ಕಟ್ಟಿಸಿದೆ. ನೇರ ಗೋಡೆಗೆ ಬಡಿದ ನೀರು ತಿರುಗಿ ಅದರ ಬುಡದ ಮಣ್ಣನ್ನೇ ಕೊರೆಯುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದವರ ದಡವನ್ನೂ ತಿನ್ನುತ್ತದೆ. ಒಂದೇ ಮಳೆಗಾಲಕ್ಕೆ ನೆರೆಮನೆಯವರ ಎರಡು ತೆಂಗು ಹೊಳೆಗೆ ಬಿದ್ದವು. ಮರದ ಬೆಲೆ ಕೊಟ್ಟೆವು, ಗೋಡೆ ಒಡೆಸಿದೆವು. ದಡವನ್ನು ಇಳಿಜಾರು ಮಾಡಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಟ್ಟೆವು. ಅದರ ಉದ್ದನೆಯ ಕೋಡುಗಳನ್ನು ಮಳೆಗಾಲದಲ್ಲಿ ಹೆಕ್ಕಿ ತಂದು ಕೆಸರಿನಲ್ಲಿ ಊರಿದರೆ ಸಾಕು. ಆದರೆ ತೀರಾ ಕೆಳಗೆ, ಯಾವಾಗಲೂ ನೀರು ನಿಲ್ಲುವಲ್ಲಿ ಊರಿದ್ದೆಲ್ಲ ಸತ್ತುಹೋಯಿತು. ಭರತದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವ ಮೇಲಿನ ಪಟ್ಟಿಯಲ್ಲಿ ನೆಟ್ಟದ್ದು ಹಿಡಿಯಿತು. ಅವುಗಳ ನಡುವೆ ಉಪ್ಪಟ್ಟಿ ಎಂಬ ಇನ್ನೊಂದು ಜಾತಿಯ ಕಾಂಡ್ಲಾ ತಾನಾಗಿ ಹುಟ್ಟಿತು.

ಗೋದಾಮಿನ ಗೋಡೆಗೆ ಸಿಮೆಂಟ್ ಮುಟ್ಟಿಸಲಿಲ್ಲ. ಮುರಕಲ್ಲು ಹೊಳೆಯ ಉಪ್ಪುನೀರನ್ನು ಹೀರುತ್ತದೆ. ಮೇಲೆ ಸಿಮೆಂಟ್ ಬಳಿದರೆ ಪಸೆ ಹೊರಗೆ ಹೋಗದೆ ಉಪ್ಪು ಒಳಗೇ ಹರಳುಗಟ್ಟಿ ಕಲ್ಲು ಪುಡಿಯಾಗುತ್ತದೆ. ಸುಣ್ಣದ ಗಾರೆಯಾದರೆ ಉಸಿರಾಡುತ್ತದೆ, ಅದು ಉದುರಿದರೂ ಕಲ್ಲು ಉಳಿಯುತ್ತದೆ. ಚಿಪ್ಪು ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಹಾಕಿದೆವು.

ಕುಡಿಯುವ ನೀರಿನ ವಿಚಾರ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಪೇಟೆಗೆ ಹೊಳೆಯ ನೀರೆತ್ತುವ ಬಾವಿಕ್ಕರೆಯಲ್ಲಿ ಪ್ರತಿ ಬೇಸಿಗೆ ಮರಳು ಚೀಲದ ಕಟ್ಟ ಹಾಕಿದರೂ ನಲ್ಲಿಯಲ್ಲಿ ಉಪ್ಪು ಬರುತ್ತಿದ್ದ ದಿನಗಳು ನೆನಪಿವೆ ಅಲ್ವಾ? ನಮ್ಮ ಬಾವಿಯೂ ಮಾರ್ಚಿಗೆ ಉಪ್ಪಾಗುತ್ತದೆ. 200 ಚದರ ಮೀಟರ್ ಮಾಡಿನ ಮೇಲೆ 3,000 ಮಿಲಿಮೀಟರ್ ಮಳೆ ಅಂದರೆ 6 ಲಕ್ಷ ಲೀಟರ್. ಅದರಲ್ಲಿ 50,000 ಲೀಟರ್ ಹಿಡಿಯುವ ಟ್ಯಾಂಕ್ ನೆಲದಡಿ ಕಟ್ಟಿದೆವು. ಕುಡಿಯಲು, ಅಡುಗೆಗೆ ಮೇ ತನಕ ಬರುತ್ತದೆ. ಕೊಳೆನೀರು ನೆಲಕ್ಕೆ ಇಂಗಿಸುವಂತಿಲ್ಲ, ಅಗೆದರೆ ಕೂಡಲೇ ನೀರು ಸಿಗುತ್ತದೆ. ಅದಕ್ಕೆ ಸೋರದ ಟ್ಯಾಂಕ್, ಅದರಾಚೆ ಆ ನೀರನ್ನು ಸೋಸಲು ಎತ್ತರದ ಜಲ್ಲಿ ಪಾತಿ, ಪಾತಿಯಲ್ಲಿ ಕಾಬಾಳೆ ಗಿಡ.

ಒಣಮೀನಿನ ವಾಸನೆ ಬರುತ್ತದೆಂದು ಮಹಡಿಯವರು ತಕರಾರು ತೆಗೆದರು. ಮೀನಿನವರನ್ನು ಎಬ್ಬಿಸಲು ನಾನು ಒಪ್ಪಲಿಲ್ಲ, ಅವರು ನಮಗಿಂತ ಮೊದಲಿನವರು. ಹಗಲಿನ ಗಾಳಿ ಪಡುವಣದಿಂದ ಬರುತ್ತದೆ. ಒಣಗಿಸುವ ಅಂಗಳವನ್ನು ಮನೆಗಳ ಮೂಡಣಕ್ಕೆ ಸರಿಸಿದೆವು. ರಾತ್ರಿ ಗಾಳಿ ತಿರುಗುತ್ತದೆ, ಆಗ ಮೀನು ಒಳಗಿರುತ್ತದೆ. ತಕರಾರು ನಿಂತಿತು.

ಜಗಲಿಯ ಮೂಡಣ ತುದಿಯಲ್ಲಿ ಹಂಚು ಹೊರುವ ಮರದ ಪಕ್ಕಾಸುಗಳಿಗೆ ಗೆದ್ದಲು ಹಿಡಿದಿದೆ. ಹಂಚು ಇಳಿಸಿ ಜೋಡಿಸಿಟ್ಟಿದ್ದೇವೆ. ಪತ್ತನಾಜೆಯೊಳಗೆ ಮಾಡು ಮುಚ್ಚಬೇಕು.