ಡೆತ್ ವ್ಯಾಲಿ: ಬಿಸಿಲು ನೋಡಿಕೊಂಡು ಮಾಡಿದ ಮನೆಮಂದಿಯ ಪ್ರವಾಸ

ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿಗೆ ಹೋಗಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಹೋಗಬಹುದು, ನಾವು ಹೋಗಿ ಬಂದಿದ್ದೇವೆ. ಕಾರಿನಲ್ಲಿ ನಾನು, ನನ್ನ ಗಂಡ, ಸ್ಕೂಲಿಗೆ ಹೋಗುವ ಮಗಳು, ಇನ್ನೂ ಪುಟ್ಟವನಾದ ಮಗ, ಎಪ್ಪತ್ತು ದಾಟಿದ ಮಾವ. ಆದರೆ ಅಲ್ಲಿ ಜಾಗಗಳ ಪಟ್ಟಿ ಹಿಡಿದುಕೊಂಡು ಓಡಬಾರದು. ಬಿಸಿಲು ಎಷ್ಟಿದೆ, ನಾವು ಎಷ್ಟು ಎತ್ತರದಲ್ಲಿದ್ದೇವೆ ಅಂತ ನೋಡಿ ದಿನವನ್ನು ಹಂಚಿಕೊಳ್ಳಬೇಕು. ನಾವು ಹಾಗೇ ಮಾಡಿದೆವು.

ಮೊದಲು ತಿಂಗಳು ಆರಿಸಿಕೊಳ್ಳಬೇಕು. ನಾವು ಹೋಗಿದ್ದು ಫೆಬ್ರವರಿಯಲ್ಲಿ. ಆಗ ಕಣಿವೆಯಲ್ಲಿ ಮಧ್ಯಾಹ್ನ 23 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ರಾತ್ರಿ ಸ್ವೆಟರ್ ಬೇಕು. ಜುಲೈಯಲ್ಲಿ ಇದೇ ಜಾಗದ ಕಥೆಯೇ ಬೇರೆ. ಪಾರ್ಕಿನೊಳಗಿನ ಫರ್ನೆಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿತ್ತು. ಇವತ್ತಿಗೂ ವಿಶ್ವ ದಾಖಲೆ ಅದೇ. ಬೇಸಿಗೆಯಲ್ಲಿ ಬೆಳಗ್ಗೆ ಹತ್ತರ ನಂತರ ತಗ್ಗಿನ ಜಾಗಗಳಲ್ಲಿ ನಡೆಯಲೇಬೇಡಿ ಅಂತ ಪಾರ್ಕಿನವರೇ ಹೇಳುತ್ತಾರೆ. ಮಕ್ಕಳಿಗೆ ರಜೆ ಸಿಕ್ಕಿತು ಅಂತ ಜುಲೈಯಲ್ಲಿ ಹೊರಡುವವರನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ. ಬೇಕಿದ್ದರೆ ಸ್ಕೂಲಿಗೆ ರಜೆ ಹಾಕಿಸಿ, ಚಳಿಗಾಲದಲ್ಲೇ ಹೋಗಿ.

ನಾವು ಲಾಸ್ ವೇಗಸ್ ಕಡೆಯಿಂದ ಪರಂಪ್ ಎಂಬ ಊರಿನ ಮೇಲೆ ಹೋದೆವು. ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಪರಂಪ್‌ನಲ್ಲೇ ಟ್ಯಾಂಕ್ ತುಂಬಿಸಿಬಿಡಿ. ಪಾರ್ಕಿನೊಳಗೆ ಫರ್ನೆಸ್ ಕ್ರೀಕ್, ಸ್ಟವ್‌ಪೈಪ್ ವೆಲ್ಸ್, ಪ್ಯಾನಮಿಂಟ್ ಸ್ಪ್ರಿಂಗ್ಸ್‌ನಲ್ಲಿ ಪೆಟ್ರೋಲ್ ಸಿಗುತ್ತದೆ, ಆದರೆ ರೇಟು ಹೊರಗಿಗಿಂತ ತುಂಬಾ ಜಾಸ್ತಿ. ಪಾರ್ಕು ಹದಿಮೂರು ಸಾವಿರ ಚದರ ಕಿಲೋಮೀಟರಿಗಿಂತ ದೊಡ್ಡದು. ಮ್ಯಾಪಿನಲ್ಲಿ ಪಕ್ಕಪಕ್ಕ ಕಾಣುವ ಜಾಗಗಳ ನಡುವೆ ಅರ್ಧ, ಮುಕ್ಕಾಲು ಗಂಟೆಯ ದಾರಿ. ಫೋನ್ ಸಿಗ್ನಲ್ ಬಹುತೇಕ ಕಡೆ ಇಲ್ಲ. ಹಾಗಾಗಿ ಮ್ಯಾಪನ್ನು ಫೋನಿಗೆ ಮೊದಲೇ ಇಳಿಸಿಕೊಂಡಿದ್ದೆವು, ವಿಸಿಟರ್ ಸೆಂಟರಿನಲ್ಲಿ ಕಾಗದದ್ದೂ ಒಂದು ತೆಗೆದುಕೊಂಡೆವು. ದಾರಿ ಹೇಳುವ ಕೆಲಸವನ್ನು ಮಗಳಿಗೆ ವಹಿಸಿದೆವು. ಕಾಗದದ ಮ್ಯಾಪ್ ಓದುವುದನ್ನು ಅವಳು ಕಲಿತದ್ದು ಅಲ್ಲೇ. ಒಳಗೆ ಹೋಗಲು ಒಂದು ಕಾರಿಗೆ 30 ಡಾಲರ್. ಏಳು ದಿನ ನಡೆಯುತ್ತದೆ. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಇರಲಿ.

ನೀರಿನ ಲೆಕ್ಕ ತಲೆಗೆ ದಿನಕ್ಕೆ ನಾಲ್ಕು ಲೀಟರ್. ಚಳಿಗಾಲದಲ್ಲಿ ಇಷ್ಟೆಲ್ಲಾ ಬೇಕಾ ಅನ್ನಿಸುತ್ತದೆ. ಬೇಕು. ಅಲ್ಲಿನ ಗಾಳಿ ಎಷ್ಟು ಒಣ ಎಂದರೆ ಬೆವರು ಮೈಮೇಲೆ ನಿಲ್ಲುವುದೇ ಇಲ್ಲ, ಹುಟ್ಟಿದ ತಕ್ಷಣ ಆರಿಹೋಗುತ್ತದೆ. ಬೆವರಿಲ್ಲ ಅಂದುಕೊಂಡು ಮಕ್ಕಳು ನೀರು ಕೇಳುವುದಿಲ್ಲ. ವಯಸ್ಸಾದವರಿಗಂತೂ ಬಾಯಾರಿಕೆ ತಡವಾಗಿ ಗೊತ್ತಾಗುತ್ತದೆ. ನಮ್ಮದು ಒಂದೇ ನಿಯಮ. ಕಾರು ನಿಂತ ಮೇಲೆ ಎಲ್ಲರೂ ನೀರು ಕುಡಿಯಬೇಕು, ಆಮೇಲೇ ಬಾಗಿಲು ತೆಗೆಯುವುದು. ಮಗ ಇದನ್ನು ತನ್ನ ಡ್ಯೂಟಿ ಮಾಡಿಕೊಂಡ. ತಾತ ಕುಡಿಯದೆ ಇಳಿಯಲು ಹೋದರೆ ಸೀಟ್ ಬೆಲ್ಟ್ ಬಿಚ್ಚಲು ಬಿಡುತ್ತಿರಲಿಲ್ಲ.

ಸೂರ್ಯೋದಯಕ್ಕೆ ಜಬ್ರಿಸ್ಕಿ ಪಾಯಿಂಟ್. ಕಾರು ನಿಲ್ಲಿಸಿ ಮೇಲಕ್ಕೆ ಸ್ವಲ್ಪ ದೂರ ಟಾರು ಹಾಕಿದ ದಾರಿ, ಏರು ಇದೆ. ಮಾವ ನಿಂತು ನಿಂತು ಹತ್ತಿದರು. ಅಲ್ಲಿ ಸೂರ್ಯ ಹುಟ್ಟುವುದು ನಮ್ಮ ಬೆನ್ನ ಹಿಂದೆ, ನೋಡಬೇಕಾದ್ದು ಮುಂದೆ. ಬೆಳಕು ಮೊದಲು ಬೀಳುವುದು ಕಣಿವೆಯಾಚೆಯ ಪ್ಯಾನಮಿಂಟ್ ಬೆಟ್ಟದ ತುದಿಗೆ. ಅದು ನಿಧಾನವಾಗಿ ಕೆಳಗಿಳಿಯುತ್ತದೆ. ಕೊನೆಗೆ ನಮ್ಮ ಕಾಲ ಬುಡದ ಹಳದಿ ಮಣ್ಣಿನ ಮಡಿಕೆಗಳಿಗೆ ತಲುಪುತ್ತದೆ. ಆ ಮಡಿಕೆಗಳು ಹಳೆಯ ಸರೋವರವೊಂದರ ತಳದ ಕೆಸರು. ದಶಲಕ್ಷಗಟ್ಟಲೆ ವರ್ಷ ಹಿಂದೆ ಕೂತ ಕೆಸರನ್ನು ಆಮೇಲಿನ ಮಳೆ ಕೊರೆದು ಈ ಆಕಾರ ಮಾಡಿದೆ. ಸೂರ್ಯ ಹುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಅಲ್ಲಿರಿ. ದಪ್ಪ ಜಾಕೆಟ್ ಇರಲಿ, ಗಾಳಿ ಕೊರೆಯುತ್ತದೆ.

ಅಲ್ಲಿಂದ ನೇರ ಬ್ಯಾಡ್‌ವಾಟರ್ ಬೇಸಿನ್‌ಗೆ ಹೋದೆವು, ಬಿಸಿಲೇರುವ ಮೊದಲು. ಇಡೀ ಬೆಳಗ್ಗೆಯನ್ನು ಇದೊಂದೇ ಜಾಗಕ್ಕೆ ಕೊಟ್ಟೆವು. ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ನೆಲ ಇದು, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಕಾರು ನಿಲ್ಲಿಸುವ ಕಡೆ ಹಿಂದಿರುಗಿ ತಲೆ ಎತ್ತಿದರೆ ಬಂಡೆಯ ಮೇಲೆ ಒಂದು ಚಿಕ್ಕ ಬಿಳಿ ಬೋರ್ಡ್ ಕಾಣುತ್ತದೆ. ಸಮುದ್ರ ಮಟ್ಟ ಅಲ್ಲಿದೆ. ಮಗ ಅದನ್ನೇ ನೋಡುತ್ತಾ ನಿಂತು, "ಅಮ್ಮಾ, ಸಮುದ್ರ ಬಂದ್ರೆ ನಾವು ಮುಳುಗಿಬಿಡ್ತೀವಾ?" ಅಂತ ಕೇಳಿದ. ಸುತ್ತಲೂ ಬೆಟ್ಟ ಇದೆಯಲ್ಲ, ಸಮುದ್ರ ಒಳಗೆ ಬರುವ ಹಾಗಿಲ್ಲ, ಇಲ್ಲಿನ ನೀರು ಹೊರಗೆ ಹೋಗುವ ಹಾಗೂ ಇಲ್ಲ ಅಂದೆ. ಆ ಉಪ್ಪಿನ ಬಯಲು ಆಗಿರುವುದೂ ಅದರಿಂದಲೇ. ಬೆಟ್ಟದಿಂದ ಇಳಿವ ನೀರು ಕಲ್ಲಿನ ಲವಣಗಳನ್ನು ಹೊತ್ತು ತರುತ್ತದೆ. ತಳದಲ್ಲಿ ನಿಂತು ಆವಿಯಾಗುತ್ತದೆ. ಉಪ್ಪು ಉಳಿಯುತ್ತದೆ.

ಮರದ ಹಲಗೆಯ ದಾರಿ ಮುಗಿದ ಮೇಲೆ ಜನ ತುಳಿದು ತುಳಿದು ಉಪ್ಪು ಸಿಮೆಂಟಿನ ಹಾಗೆ ಚಪ್ಪಟೆಯಾಗಿದೆ. ತುಂಬಾ ಜನ ಅಲ್ಲೇ ಫೋಟೋ ತೆಗೆದು ವಾಪಸಾಗುತ್ತಾರೆ. ದಯವಿಟ್ಟು ಇನ್ನೂ ಮುಂದೆ ನಡೆಯಿರಿ. ಜನ ಕಡಿಮೆಯಾದಂತೆ ನೆಲದಲ್ಲಿ ಐದು ಮೂಲೆ, ಆರು ಮೂಲೆಯ ಆಕಾರಗಳು ಶುರುವಾಗುತ್ತವೆ. ಬೇಸಿಗೆಯಲ್ಲಿ ಕೆರೆ ಬತ್ತಿ ಕೆಸರು ಬಿರುಕು ಬಿಡುತ್ತದಲ್ಲ, ಹಾಗೇ, ಆದರೆ ಉಲ್ಟಾ. ಬಿರುಕು ಇರಬೇಕಾದ ಕಡೆಯಲ್ಲೆಲ್ಲ ಉಪ್ಪಿನ ಸಣ್ಣ ಏರಿ. ನೆಲದಡಿಯ ಉಪ್ಪುನೀರು ಮೇಲಕ್ಕೆ ಹೀರಿ ಬಂದು ಆರಿದಾಗ ಹರಳು ಬೆಳೆಯುತ್ತದೆ, ಅಂಚುಗಳನ್ನು ಮೇಲಕ್ಕೆ ತಳ್ಳುತ್ತದೆ. ನಾವೆಲ್ಲ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಏರಿಯ ತುದಿಯಲ್ಲಿ ಸೂಜಿಯಂಥ ಹರಳುಗಳು. ಬೆರಳು ತಾಗಿಸಿದರೆ ಪುಡಿ. ನೆಲದ ಮಧ್ಯಭಾಗ ಮಾತ್ರ ಇನ್ನೂ ತೇವ ತೇವ. ಅಲ್ಲಿಗೆ ಮಾವ ಬರಲಿಲ್ಲ, ಹಲಗೆಯ ದಾರಿಯಲ್ಲೇ ಕೊಳದ ಪಕ್ಕ ನಿಂತಿದ್ದರು. ಆ ಉಪ್ಪುನೀರಿನಲ್ಲಿ ಪುಟ್ಟ ಬಸವನಹುಳುಗಳಿವೆ, ಡೆತ್ ವ್ಯಾಲಿ ಬಿಟ್ಟರೆ ಬೇರೆಲ್ಲೂ ಇರದ ಜಾತಿ. ಅದಕ್ಕೇ ಕೊಳದ ಅಂಚಿಗೆ ಯಾರೂ ಕಾಲಿಡಬಾರದು.

ಇಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು ಐದು ಸೆಂಟಿಮೀಟರ್. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಸಿಯೆರಾ ನೆವಾಡಾ ಹತ್ತುವಾಗಲೇ ನೀರು ಸುರಿಸಿಬಿಡುತ್ತವೆ. ಅದಾದ ಮೇಲೂ ಬೆಟ್ಟಸಾಲುಗಳಿವೆ. ಕಣಿವೆಗೆ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಆದರೆ 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಮಳೆ ಒಂದೇ ದಿನದಲ್ಲಿ ವರ್ಷದಷ್ಟು ಸುರಿಯಿತು. ರಸ್ತೆಗಳು ಕೊಚ್ಚಿಹೋದವು, ಪಾರ್ಕು ಅಕ್ಟೋಬರ್ 15ರವರೆಗೆ ಮುಚ್ಚಿತ್ತು. ಬ್ಯಾಡ್‌ವಾಟರ್ ಬಯಲಿನಲ್ಲಿ ಸರೋವರವೇ ಎದ್ದು, ಮುಂದಿನ ವರ್ಷ ಜನ ಅಲ್ಲಿ ದೋಣಿ ನಡೆಸಿದರು.

ಬಿಸಿಲೇರಿದ ಮೇಲೆ ಎತ್ತರಕ್ಕೆ ಹೋಗಿಬಿಡುವುದು ನಮ್ಮ ಉಪಾಯ. ಡಾಂಟೆಸ್ ವ್ಯೂ 1,669 ಮೀಟರ್ ಎತ್ತರದಲ್ಲಿದೆ. ಕಣಿವೆಗಿಂತ ಎಂಟರಿಂದ ಹದಿನಾಲ್ಕು ಡಿಗ್ರಿ ತಂಪು. ಕಾರು ನಿಲ್ಲಿಸಿದ ಜಾಗದಿಂದಲೇ ಎಲ್ಲ ಕಾಣುತ್ತದೆ, ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನೇರ ಕೆಳಗೆ ನಾವು ಬೆಳಗ್ಗೆ ನಡೆದ ಉಪ್ಪು. ಎದುರಿಗೆ ಹಿಮ ಹೊತ್ತ ಟೆಲಿಸ್ಕೋಪ್ ಪೀಕ್, 3,368 ಮೀಟರ್. ಮಾವ ರೇಲಿಂಗ್ ಹಿಡಿದುಕೊಂಡು, "ನೋಡಮ್ಮ, ಬೆಳಗ್ಗೆ ಅಲ್ಲಿದ್ವಾ ನಾವು? ಜನ ಒಬ್ಬರೂ ಕಾಣ್ತಿಲ್ಲ" ಅಂದರು. ಇಳಿಯುವಾಗ ಗಾಡಿಯನ್ನು ಲೋ ಗೇರಿಗೆ ಹಾಕಿ. ಬರೀ ಬ್ರೇಕ್ ಮೇಲೆ ಇಳಿದರೆ ಬ್ರೇಕ್ ಕಾಯುತ್ತದೆ.

ಆರ್ಟಿಸ್ಟ್ಸ್ ಡ್ರೈವ್ ಬಣ್ಣಬಣ್ಣದ ಬೆಟ್ಟಗಳ ನಡುವಿನ ಒನ್ ವೇ ರಸ್ತೆ, ಸಾಯಂಕಾಲಕ್ಕೆ ಮುಂಚಿನ ಬೆಳಕಿನಲ್ಲಿ ಹೋಗಿ. 25 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ಬೊರಾಕ್ಸ್ ಅಂದರೆ ಬಿಳಿಗಾರ, ಅದನ್ನು ತಯಾರಿಸುತ್ತಿದ್ದ ಹಳೆಯ ಕಾರ್ಖಾನೆ ಹಾರ್ಮನಿ ಬೊರಾಕ್ಸ್ ವರ್ಕ್ಸ್ ಮಕ್ಕಳಿಗೆ ಹಿಡಿಸುತ್ತದೆ. 1883ರಿಂದ 1888ರವರೆಗೆ ಇಲ್ಲಿಂದ ಬೊರಾಕ್ಸನ್ನು 265 ಕಿಲೋಮೀಟರ್ ದೂರದ ಮೊಹಾವಿ ಎಂಬ ಊರಿಗೆ ದೊಡ್ಡ ಬಂಡಿಗಳಲ್ಲಿ ಸಾಗಿಸುತ್ತಿದ್ದರು, ಹೇಸರಗತ್ತೆಗಳ ಉದ್ದ ಸಾಲು ಕಟ್ಟಿ. ಬಂಡಿಯ ಹಿಂಗಾಲಿ ನನ್ನ ಗಂಡನಿಗಿಂತ ಎತ್ತರ. ಬೊರಾಕ್ಸ್ ಕೆರೆದವರಲ್ಲಿ ಚೀನಾದಿಂದ ಬಂದ ಕೂಲಿಗಳು ಹೆಚ್ಚು. ಅದನ್ನು ಮಕ್ಕಳಿಗೆ ಹೇಳಿಯೇ ಮುಂದೆ ಹೋದೆವು.

ಸಂಜೆಗೆ ಮೆಸ್ಕೀಟ್ ಫ್ಲ್ಯಾಟ್ ಮರಳದಿಬ್ಬಗಳು. ಮರಳು ತಣ್ಣಗಿರುತ್ತದೆ, ಮಕ್ಕಳು ಸುಮ್ನೆ ಉರುಳಾಡಲಿ. ದಿಬ್ಬಗಳ ನಡುವಿನ ಮೆಸ್ಕೀಟ್ ಮರಗಳನ್ನೂ ಗಮನಿಸಿ. ಅದರ ಕಾಯಿ ಕುಟ್ಟಿ ಹಿಟ್ಟು ಮಾಡಿಕೊಂಡು ಬದುಕಿದವರು ಟಿಂಬಿಶಾ ಶೋಶೋನಿ ಎಂಬ ಮೂಲನಿವಾಸಿ ಜನ. ಇದು ಅವರ ನೆಲ. ಫರ್ನೆಸ್ ಕ್ರೀಕ್‌ನಲ್ಲಿ ಇವತ್ತಿಗೂ ಅವರ ಊರಿದೆ. 2000ದಲ್ಲಿ ಕಾನೂನು ಬಂದು ಒಂದಷ್ಟು ಭೂಮಿ ಅವರಿಗೆ ವಾಪಸ್ ಸಿಕ್ಕಿತು. ಯಾರೂ ಬದುಕದ ಜಾಗ ಅಂತ ಡೆತ್ ವ್ಯಾಲಿ ಬಗ್ಗೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ರೇಸ್‌ಟ್ರ್ಯಾಕ್‌ಗೆ ನಾವು ಹೋಗಲಿಲ್ಲ. ಕಲ್ಲುಗಳು ತಾವಾಗಿ ಸರಿದು ಹಿಂದೆ ಗೆರೆ ಬಿಡುವ ಬಯಲು ಅದು. ಚಳಿಗಾಲದ ರಾತ್ರಿ ನೀರಿನ ಮೇಲೆ ತೆಳುವಾದ ಮಂಜುಗಡ್ಡೆ ಕಟ್ಟಿ, ಬೆಳಗ್ಗೆ ಒಡೆದು, ಗಾಳಿಗೆ ಕಲ್ಲನ್ನು ದೂಡುತ್ತದೆ ಅಂತ 2014ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ನೋಡುವ ಆಸೆ ಮಗಳಿಗೆ ತುಂಬಾ ಇತ್ತು. ಆದರೆ ಅಲ್ಲಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ಚೂಪುಗಲ್ಲಿನ ರಸ್ತೆ, ಟೈರ್ ಹರಿಯುವುದು ಮಾಮೂಲು, ಸಿಗ್ನಲ್ ಇಲ್ಲ. ಪುಟ್ಟ ಮಗು, ವಯಸ್ಸಾದವರನ್ನು ಕೂರಿಸಿಕೊಂಡು ಸಾದಾ ಕಾರಿನಲ್ಲಿ ಬೇಡವೇ ಬೇಡ. ಬದಲಿಗೆ ಯೂಬಿಹೀಬಿ ಕ್ರೇಟರ್ ತೋರಿಸಿದೆವು, ಅಲ್ಲಿವರೆಗೂ ಟಾರು ರಸ್ತೆ ಇದೆ. 180 ಮೀಟರ್ ಆಳದ ಆ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಗಾಳಿ ಜೋರು, ಮಕ್ಕಳ ಕೈ ಬಿಡಬೇಡಿ.

ಅಮಾವಾಸ್ಯೆಯ ಆಸುಪಾಸಿಗೆ ದಿನ ಗೊತ್ತು ಮಾಡಿಕೊಂಡರೆ ನಕ್ಷತ್ರಗಳು ಚೆನ್ನಾಗಿ ಕಾಣುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ರೂಮುಗಳು ಬೇಗ ತುಂಬುತ್ತವೆ, ತಿಂಗಳುಗಳ ಮೊದಲೇ ಬುಕ್ ಮಾಡಿ. ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟಿನಲ್ಲಿ ಯಾವ ರಸ್ತೆ ತೆರೆದಿದೆ ಅಂತ ನೋಡಿಕೊಳ್ಳಿ. ಪ್ರವಾಹದಲ್ಲಿ ಹಾಳಾದ ರಸ್ತೆ ರಿಪೇರಿಯಾಗಲು ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ.