ಇಚಿರೊನ ಮೊದಲ ವರ್ಷಗಳು: ಸ್ಕೋರ್ ಬರೆಯುತ್ತಾ ನಾನು ಕಂಡಿದ್ದು

ಬೆಂಗಳೂರಿನಲ್ಲಿದ್ದಾಗ ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ನಾನು ಸ್ಕೋರ್ ಬರೆಯುತ್ತಿದ್ದೆ. ಕೆಲಸಕ್ಕೆಂದು ಸಿಯಾಟಲ್‌ಗೆ ಬಂದ ಮೇಲೂ ಆ ಹುಚ್ಚು ಬಿಡಲಿಲ್ಲ, ಬೇಸ್‌ಬಾಲ್ ಪಂದ್ಯಗಳಿಗೆ ಬರೆಯತೊಡಗಿದೆ. 2001ರಲ್ಲಿ ಜಪಾನಿನಿಂದ ಇಚಿರೊ ಸುಜುಕಿ ಇಲ್ಲಿನ ಮ್ಯಾರಿನರ್ಸ್ ತಂಡಕ್ಕೆ ಬಂದದ್ದು ನನ್ನ ಪುಣ್ಯ. ಅವನ ಆಟ ನನಗೆ ಅರ್ಥವಾಗಿದ್ದೇ ಪೆನ್ಸಿಲ್ ಹಿಡಿದು ಕೂತಾಗ.

ಬೇಸ್‌ಬಾಲ್ ಸ್ಕೋರ್‌ನಲ್ಲಿ ಫೀಲ್ಡರ್ ನಿಲ್ಲುವ ಜಾಗಕ್ಕೊಂದು ಸಂಖ್ಯೆ ಇದೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಮೊದಲು ಓಡಿ ಮುಟ್ಟಬೇಕಾದ ಫಸ್ಟ್ ಬೇಸ್ 3, ಥರ್ಡ್ ಬೇಸ್ 5, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಮೈದಾನದ ಬಲಬದಿಯ ರೈಟ್ ಫೀಲ್ಡ್ 9. ನೆಲಕ್ಕೆ ಬಡಿದ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿದು ಫಸ್ಟ್ ಬೇಸಿಗೆ ಎಸೆದು ಬ್ಯಾಟರ್ ಔಟಾದರೆ 6-3. ತೀರಾ ಮಾಮೂಲಿ ಔಟ್ ಅದು. ಇಚಿರೊ ಬ್ಯಾಟಿಂಗ್‌ಗೆ ಬಂದರೆ ಮಾತ್ರ 6 ಅಂತ ಬರೆದು ಕಾಯಬೇಕಿತ್ತು. ಅವನು ಎಸೆಯುವುದು ಬಲಗೈಲಿ, ಆದರೆ ಚಿಕ್ಕಂದಿನಲ್ಲೇ ಅಪ್ಪ ಎಡಗೈ ಬ್ಯಾಟಿಂಗ್ ಕಲಿಸಿದ್ದರು. ಎಡಗೈ ಬ್ಯಾಟರ್‌ಗೆ ಫಸ್ಟ್ ಬೇಸ್ ಒಂದೆರಡು ಹೆಜ್ಜೆ ಹತ್ತಿರ. ಜೊತೆಗೆ ಬ್ಯಾಟ್ ಬೀಸುವಾಗಲೇ ಅವನ ಮೈ ಓಟಕ್ಕೆ ಹೊರಟಿರುತ್ತಿತ್ತು. 90 ಅಡಿ ಓಡಿ, ಚೆಂಡು ಬರುವ ಮೊದಲೇ ಬೇಸ್ ತುಳಿದಿರುತ್ತಿದ್ದ. 6-3 ಆಗಬೇಕಾದದ್ದು ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಆಗುತ್ತಿತ್ತು. ಅಂಥ ಹಿಟ್‌ಗಳಿಗೆ ನಾನು ಸುತ್ತ ಒಂದು ಸೊನ್ನೆ ಹಾಕುತ್ತಿದ್ದೆ.

ಇಂಥವನು ಜಪಾನಿನಲ್ಲಿ ಹೇಗೆ ಶುರು ಮಾಡಿದ ಅನ್ನುವ ಕುತೂಹಲ ಹುಟ್ಟಿ ಹಳೆಯ ಅಂಕಿಗಳನ್ನು ಹುಡುಕಿ ನೋಡಿದೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 1991ರ ಡ್ರಾಫ್ಟ್‌ನಲ್ಲಿ ಒರಿಕ್ಸ್ ಬ್ಲೂವೇವ್ ತಂಡ ಅವನನ್ನು ಆರಿಸಿದ್ದು ನಾಲ್ಕನೇ ಸುತ್ತಿನಲ್ಲಿ. ಮುಂಗಾಲನ್ನು ಲೋಲಕದ ಹಾಗೆ ತೂಗಿ ಹೊಡೆಯುವ ಅವನ ರೀತಿ ತಂಡವನ್ನು ಆಡಿಸುವ ಮ್ಯಾನೇಜರ್ ಶೋಜೊ ದೊಯಿ ಅವರಿಗೆ ಹಿಡಿಸಲಿಲ್ಲ. ಮೊದಲ ಎರಡು ವರ್ಷ ಜಾಸ್ತಿ ಆಡಿದ್ದು ಎರಡನೇ ದರ್ಜೆಯ ತಂಡದಲ್ಲೇ. 1993ರಲ್ಲಿ ಹಿಡೆಯೊ ನೊಮೊ ಎಸೆತಕ್ಕೆ ಮೊದಲ ಹೋಮ್ ರನ್ ಹೊಡೆದರೂ, ಮುಖ್ಯ ತಂಡದಲ್ಲಿ ಆ ವರ್ಷ ಅವನ ಲೆಕ್ಕ 64 ಅಟ್ ಬ್ಯಾಟ್‌ಗೆ (ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ) 12 ಹಿಟ್, ಹಿಟ್‌ಗಳನ್ನು ಅಟ್ ಬ್ಯಾಟ್‌ನಿಂದ ಭಾಗಿಸಿದರೆ ಸರಾಸರಿ .188. ಸ್ಕೋರ್ ಬರೆಯುವವನಾಗಿ ಹೇಳುತ್ತೇನೆ, ಅಷ್ಟು ಕಡಿಮೆ ಅವಕಾಶ ನೋಡಿ ಯಾವ ಬ್ಯಾಟರ್‌ನನ್ನೂ ಅಳೆಯಬಾರದು.

1994ರಲ್ಲಿ ಅಕಿರಾ ಓಗಿ ಮ್ಯಾನೇಜರ್ ಆದರು. ಅವನ ಹೊಡೆತದ ರೀತಿಗೆ ಕೈ ಹಾಕದೆ ದಿನಾ ಆಡಿಸಿದರು. ಸುಜುಕಿ ಅಲ್ಲಿ ತುಂಬಾ ಸಾಮಾನ್ಯ ಮನೆತನದ ಹೆಸರು, ಹಾಗಾಗಿ ಅಂಗಿಯ ಮೇಲೆ ಬರೀ ಇಚಿರೊ ಅಂತ ಹಾಕಿಸಿದರು. ಆ ವರ್ಷ 130 ಪಂದ್ಯಗಳಲ್ಲಿ 210 ಹಿಟ್, ಸರಾಸರಿ .385. ಜಪಾನಿನಲ್ಲಿ ಅಲ್ಲಿವರೆಗೆ ಯಾರೂ ಒಂದು ಸೀಸನ್‌ನಲ್ಲಿ 200 ದಾಟಿರಲಿಲ್ಲ. ಅಲ್ಲಿಂದ 2000ದವರೆಗೆ ಪ್ರತಿ ವರ್ಷವೂ ಲೀಗಿನ ಅತಿ ಹೆಚ್ಚು ಸರಾಸರಿ ಅವನದ್ದೇ. 1995ರ ಜನವರಿಯಲ್ಲಿ ತಂಡದ ಊರಾದ ಕೋಬೆಯಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ತೋಳಿನ ಮೇಲೆ ‘ಗಂಬರೋ ಕೋಬೆ’ (ಛಲ ಬಿಡದಿರೋಣ, ಕೋಬೆ) ಎಂದು ಬರೆದುಕೊಂಡು ಆಡಿದ ತಂಡ ಅದೇ ವರ್ಷ ಪೆಸಿಫಿಕ್ ಲೀಗ್ ಗೆದ್ದಿತು. ಆ ಸಾಲು ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅಮೆರಿಕದ ಪಿಚರ್‌ಗಳ ವೇಗಕ್ಕೆ ಈ ಸಣಕಲು ಹುಡುಗ ನಿಲ್ಲುತ್ತಾನಾ ಅಂತ ಇಲ್ಲಿ ಅನುಮಾನಪಟ್ಟವರು ಬಹಳ. 2001ರ ಏಪ್ರಿಲ್ 2, ಓಕ್ಲೆಂಡ್ ಎದುರು ಮೊದಲ ಪಂದ್ಯ. ಏಳನೇ ಇನಿಂಗ್ಸ್‌ನಲ್ಲಿ ಪಿಚರ್ ಪಕ್ಕದಿಂದ ನೇರ ಸಾಗಿದ ಮೊದಲ ಹಿಟ್, ಎಂಟನೇ ಇನಿಂಗ್ಸ್‌ನಲ್ಲಿ ಮೆಲ್ಲಗೆ ತಟ್ಟಿ ಓಡಿದ ಬಂಟ್ ಹಿಟ್. ಸೀಸನ್ ಮುಗಿಯುವಾಗ 242 ಹಿಟ್, 56 ಸ್ಟೋಲನ್ ಬೇಸ್ (ಪಿಚರ್ ಎಸೆಯುವ ಹೊತ್ತಿಗೆ ಮುಂದಿನ ಬೇಸಿಗೆ ಓಡಿ ಸೇರುವುದು). ವರ್ಷದ ಹೊಸ ಆಟಗಾರ ಮತ್ತು ಅತ್ಯಮೂಲ್ಯ ಆಟಗಾರ, ಎರಡೂ ಪ್ರಶಸ್ತಿ ಅವನಿಗೇ. ತಂಡ ಗೆದ್ದದ್ದು 116 ಪಂದ್ಯ.

ಆದರೂ ನನ್ನ ಪುಸ್ತಕದಲ್ಲಿ ನನಗೆ ಅಚ್ಚುಮೆಚ್ಚು ಏಪ್ರಿಲ್ 11ರ ಒಂದು ಚಿಕ್ಕ ಗುರುತು: 9-5. ಓಕ್ಲೆಂಡಿನ ಟೆರೆನ್ಸ್ ಲಾಂಗ್ ಒಂದನೇ ಬೇಸಿನಿಂದ ಮೂರಕ್ಕೆ ಓಡಿದ. ರೈಟ್ ಫೀಲ್ಡ್‌ನಿಂದ ಇಚಿರೊ ಎಸೆದ ಚೆಂಡು ನೆಲ ಮುಟ್ಟದೆ ಥರ್ಡ್ ಬೇಸಿಗೆ ಬಂತು. ಔಟ್! ಆಮೇಲೆ ರೈಟ್ ಫೀಲ್ಡ್‌ಗೆ ಹಿಟ್ ಬಿದ್ದಾಗ ಮೂರಕ್ಕೆ ಹೊರಟು, ಅವನ ಕೈಯಲ್ಲಿ ಚೆಂಡು ಕಂಡು ಎರಡರಲ್ಲೇ ನಿಂತವರನ್ನು ನೋಡಿದೆ. ನಿಂತವರಿಗೆ ಸ್ಕೋರ್‌ನಲ್ಲಿ ಗುರುತೇ ಇಲ್ಲ ಅಲ್ವಾ? ಹಾಗಾಗಿ ಎರಡನೇ ಬೇಸಿನ ಪಕ್ಕ ನಾನೇ ಒಂದು ಚುಕ್ಕಿ ಇಡತೊಡಗಿದೆ.